ಸುಳಿ ಎಲ್ಲದ ಸಾ?

ಹನೂರಿನ ಆಚೆಯ ಹಳ್ಳಿಯಿಂದ ಬಂದಿದ್ದ ಆ ರೈತರು ಹೆಗಲ ಮೇಲಿನ ಟವೆಲಿಗೆ ಎರಡೂ ಕೈ ಒರೆಸಿಕೊಂಡು ಚಿತ್ರ ಎತ್ತಿಕೊಂಡರು. ಕಿಟಕಿಯ ಕಡೆ ತಿರುಗಿ ಬೆಳಕಿಗೆ ಹಿಡಿದರು. ಹೊಗಳಿಕೆ ಕೇಳಲು ಕಿವಿ ಚುರುಕು ಮಾಡಿಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ. ಸತ್ತುಹೋದ ಎತ್ತಿನ ಚಿತ್ರ ಅದು. ಅವರ ಮಗ ಮೊಬೈಲಿನಲ್ಲಿ ತೆಗೆದಿದ್ದ ಎರಡು ಫೋಟೊ ಮುಂದಿಟ್ಟುಕೊಂಡು ಹದಿನೆಂಟು ರಾತ್ರಿ ಕೂತು ಇದ್ದಿಲಿನಲ್ಲಿ ಬರೆದದ್ದು. ಕೊಂಬಿನ ಬಾಗು, ಮೂಗುದಾರ, ಗಂಗೆದೊಗಲಿನ ಮಡಿಕೆ ಎಲ್ಲ ನನ್ನ ಮಟ್ಟಿಗೆ ಸರಿಯಾಗಿಯೇ ಬಂದಿದ್ದವು. ಅವರು ತುಂಬ ಹೊತ್ತು ನೋಡಿದರು. ಆಮೇಲೆ ಎತ್ತಿನ ಹಣೆಯ ಮೇಲೆ, ಕಾಗದಕ್ಕೆ ತಾಗದ ಹಾಗೆ, ಬೆರಳು ಆಡಿಸಿ ಕೇಳಿದರು:

“ಸುಳಿ ಎಲ್ಲದ ಸಾ?”

ನಾನು ಫೋಟೊ ತೆಗೆದು ತೋರಿಸಿದೆ. ಹಣೆಯ ಮೇಲೆ ಬಿಸಿಲು ಬಿದ್ದು ಆ ಜಾಗ ಬೆಳ್ಳಗೆ ಸುಟ್ಟುಹೋಗಿತ್ತು, ಕೂದಲೇ ಕಾಣುತ್ತಿರಲಿಲ್ಲ. ಕಾಣದ ಜಾಗವನ್ನು ನಾನು ಅಂದಾಜಿನ ಮೇಲೆ ತುಂಬಿದ್ದೆ, ಕೂದಲನ್ನು ನೇರ ಕೆಳಕ್ಕೆ ಬಾಚಿದ ಹಾಗೆ. ಅವರು ಫೋಟೊ ಕಡೆ ತಿರುಗಿಯೂ ನೋಡಲಿಲ್ಲ. “ಎತ್ತೇನೋ ಚೆಂದಾಗದ. ಆದ್ರ ಇದು ನಮ್ಮ ಬಸ್ವ ಅಲ್ಲ” ಅಂದರು. ಬೇಜಾರಿನಿಂದ ಅಂದದ್ದಲ್ಲ. ಸಂತೆಯಲ್ಲಿ ಬೇರೆಯವರ ಎತ್ತು ನೋಡಿ ಹೇಳುವ ಹಾಗೆ, ಇದ್ದದ್ದನ್ನು ಹೇಳಿದರು.

ದನ ಕಟ್ಟಿದವರಿಗೆ ಸುಳಿ ಎಂದರೇನು ಎಂದು ವಿವರಿಸಬೇಕಿಲ್ಲ. ಪೇಟೆಯವರಿಗಾಗಿ ಹೇಳುತ್ತೇನೆ. ಪ್ರಾಣಿಯ ಮೈಕೂದಲು ಒಂದು ದಿಕ್ಕಿಗೆ ಹರಿಯುತ್ತಿದ್ದು, ಕೆಲವು ಕಡೆ ನೀರಿನ ಸುಳಿಯ ಹಾಗೆ ತಿರುಗಿಕೊಳ್ಳುತ್ತದೆ. ಹಣೆಯ ಮೇಲೆ, ಬೆನ್ನ ಮೇಲೆ, ಹೆಗಲ ಹತ್ತಿರ. ಎತ್ತು ಕೊಳ್ಳುವವರು ಮೊದಲು ನೋಡುವುದು ಹಲ್ಲು, ಆಮೇಲೆ ಸುಳಿ. ಇಂಥ ಕಡೆ ಇದ್ದರೆ ಮನೆಗೆ ಏಳಿಗೆ, ಇಂಥ ಕಡೆ ಇದ್ದರೆ ಯಜಮಾನನಿಗೆ ಕೇಡು ಎಂಬ ಲೆಕ್ಕಗಳಿವೆ. ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಹೇಳುವಾಗ ಆ ರೇಟಿನೊಳಗೆ ಸುಳಿಯ ಬೆಲೆಯೂ ಸೇರಿರುತ್ತದೆ. ಕೇಡಿನ ಮಾತನ್ನು ನಾನು ನಂಬುವುದಿಲ್ಲ. ಆದರೆ ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ 1990ರ ದಶಕದಲ್ಲಿ ಇದೇ ಹಣೆಯ ಸುಳಿಯನ್ನು ಅಳೆದು ನೋಡಿದ್ದಾರೆ. ಕಣ್ಣಿನ ಮಟ್ಟಕ್ಕಿಂತ ಮೇಲೆ ಸುಳಿಯಿರುವ ದನಗಳು ಕಟ್ಟಿಹಾಕಿದಾಗ ಹೆಚ್ಚು ಒದ್ದಾಡುತ್ತವೆ ಎಂಬುದು ಅವರಿಗೆ ಕಂಡದ್ದು. ನಮ್ಮ ದಲ್ಲಾಳಿಗಳಿಗೆ ಇದನ್ನು ಹೇಳಿದರೆ “ಅದಕ್ಕ ಅಮೆರಿಕಕ್ಕೆ ಹೋಗ್ಬೇಕಿತ್ತಾ?” ಅನ್ನುತ್ತಾರೆ.

ಆ ದಿನ ನನಗೆ ಹತ್ತಿದ್ದು ಬೇರೆ ವಿಷಯ. ನಾನು ಬರೆದದ್ದು ಎತ್ತನ್ನು. ಅವರು ದುಡ್ಡು ಕೊಡಲು ಬಂದಿದ್ದು ಬಸವನಿಗೆ.

ನಾನು ಪೆನ್ಸಿಲ್ ಹಿಡಿದದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಮಗಳ ದೆಸೆಯಿಂದ. ಅವಳು ಡ್ರಾಯಿಂಗ್ ಲೋಯರ್ ಪರೀಕ್ಷೆಗೆ ಕಟ್ಟಿದ್ದಳು. ಮನೆಯಲ್ಲಿ ಚೊಂಬು, ಬಾಳೆಹಣ್ಣು, ದಾಸವಾಳದ ಕೊಂಬೆ ಇಟ್ಟುಕೊಂಡು ಅಭ್ಯಾಸ. ಕೊಳ್ಳೇಗಾಲದ ಒಂದು ಸಹಕಾರಿ ಸಂಸ್ಥೆಯಲ್ಲಿ ಲೆಕ್ಕ ಬರೆದು ಸಂಜೆ ಮನೆಗೆ ಬಂದವನು ಅವಳ ಪಕ್ಕ ಕೂತು ಅದೇ ಚೊಂಬನ್ನು ಬರೆಯತೊಡಗಿದೆ. ಅವಳಿಗೆ ಪರೀಕ್ಷೆ ಮುಗಿಯಿತು, ನನಗೆ ಮುಗಿಯಲಿಲ್ಲ. ಚೊಂಬಿನಿಂದ ಕೈ, ಕೈಯಿಂದ ಹೆಂಡತಿಯ ಮುಖ, ಅಲ್ಲಿಂದ ಎದುರು ಮನೆಯ ನಾಯಿ. ನಾಯಿಯ ಚಿತ್ರಕ್ಕೆ ಎದುರು ಮನೆಯವರು ಮುನ್ನೂರು ರೂಪಾಯಿ ಕೊಟ್ಟ ದಿನ ನಾನು ಕಲಾವಿದನಾದೆ ಎಂದು ಮನೆಯಲ್ಲಿ ಇವತ್ತಿಗೂ ಗೇಲಿ ನಡೆಯುತ್ತದೆ.

ನಡುವಯಸ್ಸಿನಲ್ಲಿ ಶುರು ಮಾಡಿದವರಿಗೆ ಸಮಾಧಾನ ಹೇಳಲು ಎಲ್ಲರೂ ರವೀಂದ್ರನಾಥ ಠಾಕೂರರ ಹೆಸರು ತರುತ್ತಾರೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ತಿದ್ದುತ್ತ ತಿದ್ದುತ್ತ ಅವು ಹಕ್ಕಿ, ಮೃಗಗಳಾಗಿ, ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದವರು ಅವರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವಾಯಿತು. ಆದರೆ ಅಷ್ಟು ಹೊತ್ತಿಗೆ ಅವರಿಗೆ ನೊಬೆಲ್ ಬಂದು ಹದಿನೇಳು ವರ್ಷವಾಗಿತ್ತು. ಆ ಉದಾಹರಣೆ ನಮ್ಮಂಥವರಿಗೆ ದಕ್ಕುವುದಲ್ಲ. ನನಗೆ ಹತ್ತಿರದವನು ಹಾನ್ರಿ ರೂಸೋ. ಪ್ಯಾರಿಸ್ಸಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತ. ನಲವತ್ತರ ಆಸುಪಾಸಿನಲ್ಲಿ ಬಣ್ಣ ಹಿಡಿದು, 1893ರಲ್ಲಿ, ನಲವತ್ತೊಂಬತ್ತಕ್ಕೆ, ನೌಕರಿ ಬಿಟ್ಟ. ಗುರುವಿಲ್ಲ, ಶಾಲೆಯಿಲ್ಲ. ನೆರೆಹೊರೆಯವರ ಮುಖ ಬರೆದ, ಹುಲಿ ಸಿಂಹ ಬರೆದ. 1891ರ ಅವನ ಹುಲಿ, ಬಿರುಗಾಳಿ ಮಳೆಯಲ್ಲಿ ಹಲ್ಲು ಕಿರಿದು ನುಗ್ಗುವುದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅವನು ಫ್ರಾನ್ಸ್ ಬಿಟ್ಟು ಹೊರಗೇ ಹೋದವನಲ್ಲ, ಕಾಡನ್ನೆಲ್ಲ ನೋಡಿದ್ದು ಊರಿನ ಸಸ್ಯೋದ್ಯಾನದಲ್ಲಿ. ಜನ ನಕ್ಕರು. ಬಡವನಾಗಿಯೇ ಸತ್ತ. ಕೆಲಸ ಬಿಡುವ ಯೋಚನೆಯಲ್ಲಿರುವವರು ಅವನ ಕತೆಯ ಈ ಕೊನೆಯ ಭಾಗವನ್ನೂ ಓದಿಕೊಳ್ಳಬೇಕು. ನಾನು ಓದಿಕೊಂಡು ಲೆಕ್ಕದ ಕೆಲಸವನ್ನು ಇನ್ನೂ ಆರು ವರ್ಷ ಎಳೆದೆ.

ಮುಖ ಬರೆಸಿಕೊಳ್ಳುವ ಶೋಕಿ ನಮ್ಮ ಸೀಮೆಗೆ ಹೊಸದಲ್ಲ, ಆದರೆ ಅದು ಯಾರ ಪಾಲಿಗಿತ್ತು ಎಂಬುದು ಮುಖ್ಯ. ಯಳಂದೂರನ್ನು 1807ರಲ್ಲಿ ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರ ತೈಲಚಿತ್ರವೊಂದಿದೆ. ಅದಕ್ಕೂ ಮೊದಲೇ, 1801ರ ಸುಮಾರಿಗೆ, ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದ ಬರೆದದ್ದು. ಡಬ್ಲಿನ್ನಿನಲ್ಲಿ 1741ರಲ್ಲಿ ಹುಟ್ಟಿದವನು. ಲಿಸ್ಬನ್, ಕಲ್ಕತ್ತ, ಚೀನಾ ಎಲ್ಲ ಸುತ್ತಿ, ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದು ಟಿಪ್ಪುವಿನ ಮಕ್ಕಳನ್ನೂ ಇಂಗ್ಲಿಷ್ ಅಧಿಕಾರಿಗಳನ್ನೂ ಸಾಲಾಗಿ ಕೂರಿಸಿ ಬರೆದ. ಆಗ ಅವನಿಗೆ ಅರವತ್ತರ ಹತ್ತಿರ. ಪೂರ್ಣಯ್ಯನವರಿಗೆ ಐವತ್ತೈದು. ಯಳಂದೂರಿನ ಜಹಗೀರುದಾರರ ಮುಖ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅದೇ ಕಾಲದಲ್ಲಿ ಅದೇ ಯಳಂದೂರಿನಲ್ಲಿ ಗದ್ದೆ ಉತ್ತವನ ಮುಖ ಹೇಗಿತ್ತು, ಅವನ ಎತ್ತಿನ ಬಣ್ಣ ಯಾವುದಿತ್ತು ಎಂಬುದಕ್ಕೆ ಒಂದು ಗೆರೆಯ ಸಾಕ್ಷಿಯೂ ಇಲ್ಲ. ಅಲ್ಲಿನ ಗುಡಿಯ ಬಳೆಮಂಟಪದ ಕಲ್ಲಿನ ಬಳೆಗಳನ್ನು ಕೆತ್ತಿದವನ ಮುಖವಂತೂ ಕೇಳಲೇಬೇಡಿ.

ಜನ ಮತ್ತು ಪ್ರಾಣಿ ಇಬ್ಬರನ್ನೂ ಹೆಸರು ಹಿಡಿದು ಕರೆಯಬಹುದಾದಷ್ಟು ಖಚಿತವಾಗಿ ಬರೆದ ದೊಡ್ಡ ಕೆಲಸ ನೋಡಬೇಕಾದರೆ ಕೊಳ್ಳೇಗಾಲದಿಂದ ಮೈಸೂರಿನ ಬಸ್ಸು ಹತ್ತಿದರಾಯಿತು. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳಿವೆ. 1934ರಿಂದ 1945ರವರೆಗೆ ಮೈಸೂರಿನ ಕಲಾವಿದರು ಸೇರಿ ಬರೆದವು. ಕೆ. ಕೇಶವಯ್ಯ, ವೈ. ಸುಬ್ರಹ್ಮಣ್ಯರಾಜು, ಎಸ್.ಎನ್. ಸ್ವಾಮಿ, ಎನ್. ಹನುಮಯ್ಯ ಮೊದಲಾದವರು. ಆನೆ, ಕುದುರೆ, ಒಂಟೆ, ಅಧಿಕಾರಿಗಳು, ಊಳಿಗದವರು. ಗುಂಪಿನಲ್ಲಿ ಗೋವಿಂದ ಅನ್ನುವ ಮುಖವೇ ಇಲ್ಲ. ಹೇಗೆ ಸಾಧ್ಯವಾಯಿತು ಎಂದರೆ, ಮೆರವಣಿಗೆಯ ಫೋಟೊಗಳನ್ನು ಮುಂದಿಟ್ಟುಕೊಂಡು ಬರೆದರು. “ಫೋಟೊ ನೋಡಿ ಬರೆಯೋದೂ ಒಂದು ಕಲೆಯೇ?” ಎಂದು ನನ್ನನ್ನು ಕೇಳುವವರಿಗೆ ನಾನು ಈ ಗೋಡೆಗಳನ್ನು ತೋರಿಸಿ ಕೈತೊಳೆದುಕೊಳ್ಳುತ್ತೇನೆ.

ಹತ್ತಿರದ ಜಗನ್ಮೋಹನ ಅರಮನೆಯಲ್ಲಿ ಇದಕ್ಕೆ ಎದುರಾದ ದಾರಿಯ ಚಿತ್ರವಿದೆ, ದೀಪ ಹಿಡಿದ ಹೆಣ್ಣು. ಅದನ್ನು ರವಿವರ್ಮನದೆಂದು ಅರ್ಧ ಮೈಸೂರು ನಂಬಿದೆ. ಬರೆದವರು ಎಸ್.ಎಲ್. ಹಲ್ದಣಕರ್, 1945–46ರ ಸುಮಾರಿಗೆ, ಜಲವರ್ಣದಲ್ಲಿ. ಅವರ ಮಗಳೇ ಗಂಟೆಗಟ್ಟಲೆ ದೀಪ ಹಿಡಿದು ನಿಂತಿದ್ದರು. ಮಗಳು ನಿಲ್ಲುತ್ತಾಳೆ. ಹೋರಿ ನಿಲ್ಲುವುದಿಲ್ಲ. ಆದ್ದರಿಂದ ಪ್ರಾಣಿ ಬರೆಯುವವರು ಫೋಟೊ ನಂಬಬೇಕು, ನಂಬಿಯೂ ನಂಬಬಾರದು.

ಏಕೆಂದರೆ ಫೋಟೊ ಸುಳ್ಳು ಹೇಳುತ್ತದೆ. ಪ್ರೀತಿಯಿಂದ ಜನ ಮೊಬೈಲನ್ನು ಎತ್ತಿನ ಮೂತಿಯ ಹತ್ತಿರವೇ ಒಯ್ದು ತೆಗೆಯುತ್ತಾರೆ. ಹತ್ತಿರವಿದ್ದದ್ದು ಹಿಗ್ಗುತ್ತದೆ, ದೂರವಿದ್ದದ್ದು ಕುಗ್ಗುತ್ತದೆ. ಮೂತಿ ಕುಂಬಳಕಾಯಿಯಷ್ಟಾಗಿ ಕೊಂಬು ಕೂದಲೆಳೆಯಾಗುತ್ತದೆ. ಮನುಷ್ಯರ ಮುಖದಲ್ಲಿ ಹೀಗೇ ಮೂಗು ದಪ್ಪವಾಗಿ ಕಿವಿ ಹಿಂದಕ್ಕೆ ಓಡುತ್ತದೆ. ಅದಕ್ಕೇ ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತೇನೆ: ಆರೇಳು ಅಡಿ ಹಿಂದೆ ನಿಂತು, ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬಗ್ಗಿ, ಝೂಮ್ ಮಾಡಿ ತೆಗೆಯಿರಿ, ನೆತ್ತಿಯ ಬಿಸಿಲಲ್ಲಿ ಬೇಡ, ಬೆಳಗಿನ ನೆರಳಿನಲ್ಲಿ. ಇಷ್ಟು ಕೇಳಿಸಿಕೊಂಡು ಹೋಗಿ ಮೂತಿಗೇ ಮೊಬೈಲ್ ಹಿಡಿದು ತೆಗೆದು ಕಳಿಸುತ್ತಾರೆ, ಅದು ಬೇರೆ.

ಬರೆಯುವ ಕ್ರಮ ದೊಡ್ಡ ಗುಟ್ಟೇನಲ್ಲ. ಫೋಟೊ ಮೇಲೆ ಚೌಕ ಎಳೆದು, ಕಾಗದದ ಮೇಲೂ ಅಷ್ಟೇ ಚೌಕ ಎಳೆದು, ಒಂದೊಂದು ಮನೆಯನ್ನೂ ದಾಟಿಸುವುದು. ಗೋಡೆಯ ಮೇಲೆ ಸಿನಿಮಾ ನಾಯಕರನ್ನು ಬರೆಯುತ್ತಿದ್ದ ನಮ್ಮ ಬೋರ್ಡ್ ಪೇಂಟರುಗಳೆಲ್ಲ ಹೀಗೇ ಮಾಡುತ್ತಿದ್ದರು. ಫ್ಲೆಕ್ಸ್ ಬಂದು ಅವರ ಕೈ ಕಟ್ಟಿತು. ಅವರಲ್ಲಿ ಮುಖ ಬರೆಯುವ ಕಡೆಗೆ ಹೊರಳಿದವರೂ ಇದ್ದಾರೆ, ಪುಟ್ಟಿ ಹೊಡೆದು ಸುಣ್ಣಬಣ್ಣ ಬಳಿಯುವ ಕಡೆಗೆ ಹೋದವರೂ ಇದ್ದಾರೆ. ಅವರ ಮುಂದೆ ನನ್ನ ಚೌಕಗಳು ಏನೂ ಅಲ್ಲ.

ಚೌಕ ಮುಗಿದ ಮೇಲೆ ಕಣ್ಣು. ಹೊಸಬರು ಮಾಡುವ ಮೊದಲ ತಪ್ಪು, ಮನುಷ್ಯರ ಕಣ್ಣನ್ನು ಮೇಲಕ್ಕೆ ತಳ್ಳಿ ಹಣೆಯನ್ನು ಕೊಂದುಬಿಡುವುದು. ನೆತ್ತಿಯಿಂದ ಗಲ್ಲದ ತುದಿಗೆ ಅಳೆದರೆ ಕಣ್ಣು ಬರುವುದು ಸರಿಯಾಗಿ ನಡುವೆ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಕನ್ನಡಿ ಮುಂದೆ ಸ್ಕೇಲ್ ಹಿಡಿದು ನಿಲ್ಲಿಸಬೇಕಾಗುತ್ತದೆ. ಪ್ರಾಣಿಗಳಲ್ಲಿ ಪಾಪೆಯ ಆಕಾರವೇ ಬೇರೆ. ಆಡು, ಕುರಿ, ದನಗಳ ಪಾಪೆ ಅಡ್ಡಕ್ಕೆ ಮಲಗಿರುತ್ತದೆ. ಆಡಿನ ಹಳದಿ ಕಣ್ಣಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ, ದನದ ಕಪ್ಪು ಕಣ್ಣಿನಲ್ಲಿ ಹುಡುಕಬೇಕು. ಮನೆಬೆಕ್ಕಿನದು ಬಿಸಿಲಿಗೆ ಸೀಳಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಹುಲಿಯದು ನಮ್ಮ ಹಾಗೆ ದುಂಡು.

ಈ ಕೊನೆಯದು ನಮ್ಮ ಸೀಮೆಯಲ್ಲಿ ಸಣ್ಣ ವಿಷಯವಲ್ಲ. ಇಲ್ಲಿ ಹುಲಿಯಿಲ್ಲದ ಮನೆಯೇ ಇಲ್ಲ, ಮಾದೇಶ್ವರ, ನಮ್ಮ ಮಾದಪ್ಪ, ಕೂತಿರುವುದು ಅದರ ಮೇಲೇ ತಾನೆ! ಕ್ಯಾಲೆಂಡರಿನಲ್ಲಿ, ಆಟೋದ ಹಿಂದೆ, ಟ್ರ್ಯಾಕ್ಟರಿನ ನೆತ್ತಿಯ ಮೇಲೆ, ಮಾದೇಶ್ವರ ಬೆಟ್ಟದಲ್ಲಿ 2023ರಲ್ಲಿ ಅನಾವರಣಗೊಂಡ 108 ಅಡಿಯ ಪ್ರತಿಮೆಯಲ್ಲಿ. ನಾನು ಹತ್ತಾರು ಕ್ಯಾಲೆಂಡರ್ ಒಟ್ಟುಹಾಕಿ ನೋಡಿದ್ದೇನೆ. ಅರ್ಧಕ್ಕರ್ಧ ಹುಲಿಗಳಿಗೆ ಬೆಕ್ಕಿನ ಕಣ್ಣು. ಬರೆದವರು ಮನೆಯ ಬೆಕ್ಕನ್ನು ನೋಡಿಕೊಂಡು ಬರೆದಿರಬೇಕು. ಹಾಗೆಂದು ನಗಲೂ ಮನಸ್ಸಾಗುವುದಿಲ್ಲ. ಆ ಹುಲಿ ಹಲ್ಲು ಕಿರಿಯುವ ಹಾಗಿಲ್ಲ, ಮೈಮೇಲೆ ದೇವರು ಕೂತಿದ್ದಾನೆ. ಉಗ್ರವೂ ಇರಬೇಕು, ಸೌಮ್ಯವೂ ಇರಬೇಕು. ರೂಸೋನ ಹುಲಿಗಿಂತ ಇದು ಕಷ್ಟದ ಹುಲಿ. ನನಗೆ ಇವತ್ತಿನವರೆಗೂ ಬಂದಿಲ್ಲ.

ಪಟ್ಟೆಯ ಮಾತೂ ಇದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಎಡ ಮಗ್ಗುಲಿನದು ಬಲ ಮಗ್ಗುಲಿಗೂ ಹೊಂದುವುದಿಲ್ಲ. ಆದ್ದರಿಂದಲೇ ಹುಲಿ ಗಣತಿಯವರು ಕಾಡಿನ ಜಾಡಿನ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಪಟ್ಟೆ ನೋಡಿ ಹುಲಿ ಎಣಿಸುವ ಈ ಕ್ರಮವನ್ನು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಮಾಡಿ ತೋರಿಸಿದವರು ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು. ಬಿಳಿಗಿರಿರಂಗನ ಬೆಟ್ಟದಲ್ಲೂ ಮಾದೇಶ್ವರ ಬೆಟ್ಟದಲ್ಲೂ ಹುಲಿಯ ಗುರುತು ಹಿಡಿಯುವುದು ಹೀಗೆಯೇ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಎತ್ತಿಗೆ ಸುಳಿ, ಹುಲಿಗೆ ಪಟ್ಟೆ. ಮನಸ್ಸಿಗೆ ಬಂದ ಹಾಗೆ ಪಟ್ಟೆ ಎಳೆದರೆ ಯಾವ ಕಾಡಿನಲ್ಲೂ ಇಲ್ಲದ ಹುಲಿಯಾಗುತ್ತದೆ.

2025ರ ಜೂನ್ ಕೊನೆಯಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದದ್ದು ಎಲ್ಲರಿಗೂ ನೆನಪಿರಬೇಕು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಹುಲಿಗಳ ಫೋಟೊ ದೇಶವೆಲ್ಲ ಓಡಾಡಿತು. ಹಸುವಿನ ಹೆಸರು ಕೆಂಚಿ ಎಂದು ಪತ್ರಿಕೆಗಳಲ್ಲಿ ಬಂತು. ಆ ವಾರ ಒಬ್ಬರು ನನ್ನಿಂದ ಐದು ಹುಲಿಗಳ ಚಿತ್ರ ಬರೆಸಲು ಬಂದರು, ಯಾವುದೋ ಕಾರ್ಯಕ್ರಮಕ್ಕೆ. ಬರೆದುಕೊಟ್ಟೆ. ಕೆಂಚಿಯನ್ನೂ ಮೂಲೆಯಲ್ಲಿ ನಿಲ್ಲಿಸಲೇ ಎಂದು ಕೇಳಿದೆ. ಬೇಡ, ವಿಷಯ ಹಾಳಾಗುತ್ತದೆ ಅಂದರು. ವಿಷಯ ಇದ್ದದ್ದೇ ಅಲ್ಲಿ ಎಂದು ನನಗೆ ಈಗಲೂ ಅನ್ನಿಸುತ್ತದೆ. ಮಾದಪ್ಪನ ವಾಹನವೂ, ಹೆಸರಿಟ್ಟು ಸಾಕಿದ ಹಸುವೂ ಒಂದೇ ಬೇಲಿಯ ಎರಡು ಬದಿಗಿರುವ ಊರು ನಮ್ಮದು.

ಇಲ್ಲಿನ ದನಗಳ ಬಣ್ಣವೇ ಒಂದು ಪಾಠ. ಕಾವೇರಿ ದಂಡೆಯ ಆಲಂಬಾಡಿಯ ಹೆಸರಿನ ತಳಿ, ಮಾದೇಶ್ವರ ಬೆಟ್ಟದ ದನ ಅಂತಲೂ ಕರೆಯುತ್ತಾರೆ, ಕಡುಬೂದಿ ಬಣ್ಣದ್ದು, ಕಪ್ಪೇ ಅನ್ನುವಷ್ಟು. ಹಣೆ ಕಾಲುಗಳಲ್ಲಿ ಅಲ್ಲಲ್ಲಿ ಬಿಳಿ. ಗರಿಕೆಕಂಡಿ ದಾಟಿ ಆಚೆ ಬೆಟ್ಟದ ಬರಗೂರು ದನ ಕೆಂಪು, ಮೈಮೇಲೆ ಸುಣ್ಣ ಎರಚಿದ ಹಾಗೆ ಬಿಳಿ ಮಚ್ಚೆ. ಹಳ್ಳಿಕಾರಿನ ಬೂದಿ ಬಣ್ಣದಲ್ಲಿ ಕಣ್ಣಿನ ಸುತ್ತ ತಿಳಿಯಾಗುತ್ತ ಹೋಗುತ್ತದೆ, ಕೊಂಬು ಮೊದಲು ಹಿಂದಕ್ಕೆ ಹೋಗಿ ಆಮೇಲೆ ಮುಂದಕ್ಕೆ ಬಾಗುತ್ತದೆ. ನಗರದ ಕಲಾವಿದರು ಬರೆಯುವ ‘ಹಳ್ಳಿಯ ಎತ್ತು’ ಇವುಗಳಲ್ಲಿ ಯಾವುದೂ ಆಗಿರುವುದಿಲ್ಲ, ಬಿಳಿ ಮೈಗೆ ಎರಡು ಕೊಂಬು ಅಂಟಿಸಿರುತ್ತಾರೆ. ಇದಕ್ಕೆ ವಿರುದ್ಧವಾಗಿ, ಮಾದೇಶ್ವರ ಬೆಟ್ಟದ ಸೋಲಿಗರು ಲಂಟಾನ ಕಡ್ಡಿ ಬೇಯಿಸಿ ಬಾಗಿಸಿ ಕಟ್ಟುವ ಆನೆ ನೋಡಿ. ಏಟ್ರೀ ಸಂಸ್ಥೆಯ ನೆರವಿನಿಂದ ಬುಟ್ಟಿ, ಕುರ್ಚಿಗಳಿಂದ ಶುರುವಾದ ಕೆಲಸ ಅದು. ಒಣಕಡ್ಡಿಯ ಆ ಆನೆ ಕಾಲೂರಿ ನಿಂತ ಭಂಗಿಯಲ್ಲಿ ಭಾರ ಯಾವ ಕಾಲಿನ ಮೇಲಿದೆ ಎಂದು ತಿಳಿಯುತ್ತದೆ. ಆನೆ ಕಂಡರೆ ಎತ್ತ ಓಡಬೇಕು ಎಂದು ಹುಟ್ಟಿನಿಂದ ಲೆಕ್ಕ ಹಾಕಿದವರ ಕೈ ಅದು.

ಮನುಷ್ಯರ ಚಿತ್ರಕ್ಕೆ ಬರುವವರಲ್ಲಿ ಬದುಕಿರುವವರದು ಬೇಕೆನ್ನುವವರು ಕಮ್ಮಿ. ಮದುವೆಗೋ ನಿವೃತ್ತಿಗೋ ಉಡುಗೊರೆ ಕೊಡುವವರು ಒಂದಿಷ್ಟು. ಉಳಿದವರೆಲ್ಲ ಹೋದವರ ಪಟಕ್ಕೆ ಬರುತ್ತಾರೆ. ಚೀಲದಿಂದ ಹುಷಾರಾಗಿ ತೆಗೆಯುವುದು ಒಂದು ಆಧಾರ್ ಕಾರ್ಡು. ಇಡೀ ಬದುಕಿನಲ್ಲಿ ಆ ತಾಯಿಗೆ ಇದ್ದದ್ದು ಅದೊಂದೇ ಫೋಟೊ, ಅದೂ ಬೆಚ್ಚಿಬಿದ್ದವರ ಹಾಗೆ. ಬೆರಳಿನ ಉಗುರಿನಷ್ಟಿರುವ ಆ ಮುಖವನ್ನು ಗೋಡೆಯಷ್ಟು ಮಾಡಿಕೊಡಬೇಕು, ಬೆಚ್ಚಿದ ಕಣ್ಣನ್ನು ಇಳಿಸಬೇಕು. ಆಗ ನಾನು ಮಗಳನ್ನೋ ತಂಗಿಯನ್ನೋ ಕರೆತರಲು ಹೇಳುತ್ತೇನೆ. ಗಲ್ಲದ ಎಲುಬು, ಕಿವಿಯ ಹಾಲೆ ಮನೆತನದಲ್ಲಿ ಓಡುತ್ತವೆ. ಗಂಡ ಹೆಂಡತಿ ಜೊತೆಯಾಗಿ ಫೋಟೊ ತೆಗೆಸಿಕೊಂಡೇ ಇಲ್ಲದ ಮನೆಗಳು ಬಹಳ; ಅವರನ್ನು ಜೋಡಿ ಕೂರಿಸಬೇಕು. ಬೆಳಕು ಒಬ್ಬರಿಗೆ ಎಡದಿಂದ, ಇನ್ನೊಬ್ಬರಿಗೆ ಬಲದಿಂದ ಬಿದ್ದಿರುತ್ತದೆ. ಒಬ್ಬರು ಮೂವತ್ತರಲ್ಲಿ ಹೋಗಿರುತ್ತಾರೆ, ಇನ್ನೊಬ್ಬರು ಎಪ್ಪತ್ತರಲ್ಲಿ. ಒಮ್ಮೆ ಒಬ್ಬ ಮಗ ಕೇಳಿದ, “ಅವ್ವನ ಮೈಮ್ಯಾಲ ರೇಸ್ಮೆ ಸೀರೆ ಹಾಕಾಕಾಯ್ತದ ಅಣ್ಣ?” ಕೊಳ್ಳೇಗಾಲದಲ್ಲಿ ಹುಟ್ಟಿ, ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಕೂಲಿ ಮಾಡಿ, ಒಂದೂ ರೇಷ್ಮೆ ಸೀರೆ ಉಡದೆ ಹೋದ ಹೆಂಗಸು. ಅಂಚಿನ ಜರಿಗೆ ನಾನು ಎರಡು ದಿನ ಹೆಚ್ಚು ತೆಗೆದುಕೊಂಡೆ.

ಪಟವೊಂದು ಏನೇನಾಗಬಹುದು ಎಂಬುದನ್ನು ನೋಡಬೇಕಾದರೆ ಗೋಪಿನಾಥಂಗೆ ಹೋಗಬೇಕು. ವೀರಪ್ಪನ್ ಹುಟ್ಟಿದ ಊರು. ಅವನನ್ನು ಶರಣಾಗಿಸಲು ನಂಬಿ ಹೋಗಿ 1991ರ ನವೆಂಬರ್ 10ರಂದು ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಭಾವಚಿತ್ರ ಅಲ್ಲಿನ ಮಾರಿಯಮ್ಮನ ಗುಡಿಯಲ್ಲಿದೆ, ದೇವರ ಪಟಗಳ ಜೊತೆಗೆ. ಆ ಗುಡಿ ಕಟ್ಟಿಸಲು ನಿಂತವರೂ ಅವರೇ. ಪೂಜೆ ಮಾಡುವವರು ಚಿತ್ರದ ಗುಣಮಟ್ಟ ಕೇಳುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರೋಣ, ಎಲ್ಲರೂ ಕೊನೆಗೆ ಕೇಳುವುದು ಅದನ್ನೇ. ಬಸವನ ಚಿತ್ರಕ್ಕೆ ನಾನು ಹೇಳಿದ್ದು ಎರಡೂವರೆ ಸಾವಿರ. ದಿನಕ್ಕೆ ಒಂದೂವರೆ ಗಂಟೆಯಂತೆ ಹದಿನೆಂಟು ದಿನ. ಗಂಟೆಗೆ ನೂರು ರೂಪಾಯಿಯೂ ಬೀಳಲಿಲ್ಲ. ಕಾಗದ, ಕಟ್ಟು ಹಾಕಿಸಿದ್ದು ಬೇರೆ. ಈಗ ಅರ್ಧ ಮುಂಗಡ ತೆಗೆದುಕೊಳ್ಳುತ್ತೇನೆ. ಮುಂಗಡ ಕೇಳಲು ನನಗೆ ಮೂರು ವರ್ಷ ಹಿಡಿಯಿತು. ಇಪ್ಪತ್ತೆರಡು ವರ್ಷ ಬೇರೆಯವರ ಬಾಕಿ ವಸೂಲಿಯ ಲೆಕ್ಕ ಬರೆದವನಿಗೆ ತನ್ನ ಬಾಕಿ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಪೆನ್ಸಿಲ್ ಗೆರೆಯ ಹಂತದಲ್ಲೇ ವಾಟ್ಸಾಪಿನಲ್ಲಿ ಕಳಿಸಿ ಒಪ್ಪಿಗೆ ಪಡೆಯುತ್ತೇನೆ, ಶೇಡ್ ಹಾಕಿದ ಮೇಲೆ ಮೂಗು ಸರಿಸಲಾಗುವುದಿಲ್ಲ. ದನದ ಕಿವಿಯ ಹಳದಿ ಬಿಲ್ಲೆ ಬೇಕೋ ಬೇಡವೋ ಎಂದೂ ಕೇಳುತ್ತೇನೆ. ಹನ್ನೆರಡು ಅಂಕಿಯ ಆ ಬಿಲ್ಲೆ ದನದ ಆಧಾರ್ ಇದ್ದ ಹಾಗೆ. ಎಲ್ಲರೂ ತೆಗೆಯಿರಿ ಅನ್ನುತ್ತಾರೆ. ಒಬ್ಬ ಅಜ್ಜಿ ಮಾತ್ರ ಇರಲಿ ಅಂದರು, ನಂಬರೂ ಕಾಣಬೇಕಂತೆ.

ಒಂದು ಕಾನೂನು ಬಹಳ ಕಲಾವಿದರಿಗೆ ಗೊತ್ತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ಹೇಳಿ ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರದ್ದೇ. ಬರೆದವನದ್ದಲ್ಲ. ಹಾಗಾಗಿ ಗಿರಾಕಿಯ ಅಮ್ಮನ ಮುಖವನ್ನು ನನ್ನ ಸ್ಟೇಟಸ್ಸಿಗೆ ಹಾಕುವ ಮುಂಚೆ ಕೇಳಿಯೇ ಹಾಕುತ್ತೇನೆ. ಗೂಗಲ್ಲಿನಿಂದ ಯಾರೋ ಛಾಯಾಗ್ರಾಹಕರ ಹುಲಿ ಎತ್ತಿ ಬರೆದು ಚಿತ್ರಸಂತೆಯಲ್ಲಿ ಮಾರುವವರು ಈ ಕಾಯ್ದೆಯನ್ನು ಇನ್ನೊಂದು ಕಾರಣಕ್ಕೆ ಓದಬೇಕು. ಅವರಿವರ ಫೋಟೊ ಅವರಿವರದೇ.

ಮೊಬೈಲ್ ಅಂಗಡಿಯಲ್ಲಿ ಈಗ ಎರಡು ನಿಮಿಷಕ್ಕೆ ಫೋಟೊವನ್ನು ಪೆನ್ಸಿಲ್ ಚಿತ್ರ ಮಾಡಿ ಪ್ರಿಂಟ್ ಹಾಕಿಕೊಡುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಅದರಿಂದ ನನಗೆ ಗಿರಾಕಿ ಕಡಿಮೆಯಾಗಿದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಬಿಸಿಲಿಗೆ ಸುಟ್ಟುಹೋದ ಹಣೆಯನ್ನು ಅದೂ ನನ್ನ ಹಾಗೆಯೇ ಅಂದಾಜಿನಲ್ಲಿ ತುಂಬುತ್ತದೆ. ವ್ಯತ್ಯಾಸ ಇಷ್ಟೇ, ಸುಳಿ ಎಲ್ಲಿ ಎಂದು ಅದನ್ನು ಯಾರೂ ಕೇಳುವುದಿಲ್ಲ.

ನನ್ನನ್ನು ಕೇಳಿದರು. ಆ ಮಧ್ಯಾಹ್ನ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಒಂದು ಹಾಳೆ ಪೆನ್ಸಿಲ್ ಮುಂದಿಟ್ಟೆ. ಬರೆಯಲು ಬಾರದು ಅಂದರು. ಆಮೇಲೆ ನನ್ನ ಕೈ ಹಿಡಿದು, ನನ್ನ ಅಂಗೈಯ ಮೇಲೆ ತೋರುಬೆರಳಿನಿಂದ ತೋರಿಸಿದರು. ಎರಡು ಕಣ್ಣಿನ ನಡುವೆ, ಸ್ವಲ್ಪ ಕೆಳಗೆ, ಎಡಕ್ಕೆ ಒಂದು ಜೋಳದ ಕಾಳಿನಷ್ಟು ಸರಿದು. ಬಲದಿಂದ ಎಡಕ್ಕೆ ತಿರುಗುತ್ತದೆ. “ಮೇವು ಹಾಕೋವಾಗೆಲ್ಲ ಇಲ್ಲೇ ಕೆರೀತಿದ್ದಿ, ತಲೆ ಬಗ್ಗಿಸ್ತಿತ್ತು” ಅಂದರು. ನಾನು ಹಿಟ್ಟಿನ ರಬ್ಬರಿನಿಂದ ಹಣೆಯ ಇದ್ದಿಲನ್ನು ಎತ್ತಿ, ಕೂದಲನ್ನು ಅವರ ಬೆರಳು ತಿರುಗಿದ ಹಾಗೆ ತಿರುಗಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಅವರು ಎದ್ದು ನಿಂತು ನೋಡಿದರು, ಟವೆಲು ಹೆಗಲ ಮೇಲೆ ಹಾಕಿಕೊಂಡರು, ದುಡ್ಡು ಎಣಿಸಿ ಕೊಟ್ಟರು. ಕಟ್ಟು ಹಾಕಿಸಿ, ಆದರೆ ಗಾಜು ಬೇಡ ಅಂದರು. ಇದ್ದಿಲು ಅಳಿಸಿಹೋಗುತ್ತದೆ, ಗಾಜಿಲ್ಲದಿದ್ದರೆ ಉಳಿಯುವುದಿಲ್ಲ ಎಂದು ಎರಡು ಸಲ ಹೇಳಿದೆ. ಕೇಳಲಿಲ್ಲ.

ಈ ಸಲ ಚಿಕ್ಕಲ್ಲೂರು ಜಾತ್ರೆ ಮುಗಿಸಿಕೊಂಡು ಹೋಗುವಾಗ ಪಟವನ್ನು ಪಂಚೆಯಲ್ಲಿ ಸುತ್ತಿ ತಂದಿದ್ದರು. ಕೊಂಬು, ಕಣ್ಣು, ಮೂಗುದಾರ ಎಲ್ಲ ಬರೆದ ದಿನದ ಹಾಗೇ ಇದ್ದವು. ಹಣೆಯ ಮೇಲೆ ರೂಪಾಯಿಯಗಲ ಜಾಗ ಬೂದಿಯಾಗಿ ಸವೆದುಹೋಗಿತ್ತು. ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ನೂರು ರೂಪಾಯಿ ತೆಗೆದುಕೊಂಡೆ.